ವಿಷಯ: ಜವಳಿನ ಕಪ್ಪೆಗಳ ಬಗ್ಗೆ

ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು. "ರೈಟ್."

ಅವರು ಬಸ್ ಕಂಡಕ್ಟರ್ ಆಗಿದ್ದವರು. ರಾಯಚೂರು, ದೇವದುರ್ಗ, ಮಾನ್ವಿ, ಈ ಮೂರು ಊರುಗಳ ನಡುವೆಯೇ ಓಡಾಡಿ ಸರ್ವೀಸು ಮುಗಿಸಿದರು. ನಿವೃತ್ತಿಯಾದ ಎರಡನೇ ವರ್ಷ, ಒಂದು ಬೆಳಿಗ್ಗೆ, ಚಹಾ ಕುಡಿಯುತ್ತಿದ್ದವರು ಬಸಿಯನ್ನು ಕೈಯಿಂದ ಬೀಳಿಸಿದರು. ನಾನು ಹುಟ್ಟಾ ಸಿಡುಕಿ. "ಕೈಯಾಗ ಶಕ್ತಿ ಇಲ್ಲೇನ್ರಿ?" ಎಂದು ರೇಗಿದೆ. ಶಕ್ತಿ ಖರೇನೇ ಇರಲಿಲ್ಲ. ರಾಯಚೂರಿನ ಆಸ್ಪತ್ರೆಯಿಂದ ಮಾನ್ವಿಯ ಮನೆಗೆ ಬರುವಾಗ ಅವರ ಬಲಗೈ, ಬಲಗಾಲು ಅರ್ಧ ಸತ್ತಿದ್ದವು. ಮಾತು ಪೂರ್ತಿ ಹೋಗಿತ್ತು. ಮೈಯ ರೈಟ್ ಸೈಡು ಹೋಗಿ ಬಾಯಲ್ಲಿ "ರೈಟ್" ಮಾತ್ರ ಉಳಿದಿದೆ ಎಂದು ನೋಡಲು ಬಂದ ನೆಂಟರೊಬ್ಬರು ತಮಾಷೆ ಮಾಡಿದರು. ಅವರಿಗೆ ನಾನು ಚಹಾ ಕೊಡಲಿಲ್ಲ.

ಊಟ ಮಾಡುತ್ತೀರಾ ಅಂದರೆ ರೈಟ್. ಬೇಡವಾ ಅಂದರೂ ರೈಟ್. ನೋವಿಗೆ ರೈಟ್, ಬಾಯಾರಿಕೆಗೆ ರೈಟ್, ನನ್ನ ಹೆಸರಿಗೂ ರೈಟ್. ಲಕ್ಷಗಟ್ಟಲೆ ಸಲ ಅಂದು ಅಂದು ಆ ಶಬ್ದ ನಾಲಿಗೆಯಲ್ಲಿ ಬೇರು ಬಿಟ್ಟಿತ್ತು, ಅದನ್ನು ಮಾತ್ರ ಕೀಳಲು ರೋಗಕ್ಕೆ ಆಗಲಿಲ್ಲ. ಹಾಗಂತ ಹೇಳಿದವರು ರಾಯಚೂರಿನಲ್ಲಿ ಮಾತು ಕಲಿಸುವ ಡಾಕ್ಟರಮ್ಮ. ವಯಸ್ಸಿನಲ್ಲಿ ನನ್ನ ಮಗಳಂಥವರು. ಮಾವಿನಹಣ್ಣು, ಬೆಕ್ಕು, ಕುರ್ಚಿಯ ಚಿತ್ರಗಳನ್ನು ಒಂದೊಂದಾಗಿ ಹಿಡಿದು, "ಇದೇನ್ರಿ ಕಾಕಾ?" ಎಂದು ಕೇಳುವರು. ಇವರು ಮಾವಿನಹಣ್ಣಿಗೂ ರೈಟ್, ಬೆಕ್ಕಿಗೂ ರೈಟ್.

"ಬೇಜಾರ್ ಮಾಡ್ಕೋಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಎರಡನೇ ಶಬ್ದ ಬರ್ಲಿ. ಅದೊಂದು ಬಂದ್ರ ಮುಂದ ಹಾದಿ ಅದ. ಅವರಿಗೆ ಮೊದ್ಲು ಏನು ಪ್ರೀತಿ ಇತ್ತು, ಅಲ್ಲಿಗೆ ಕರ್ಕೊಂಡು ಹೋಗ್ರಿ. ಹಳೇದು ಏನರ ಕೇಳ್ಸಿದ್ರ ನಾಲಿಗಿ ಎದ್ದೇಳ್ತದ."

ಎರಡನೇ ಶಬ್ದ. ಅವತ್ತಿನಿಂದ ನನಗೆ ಬೇರೆ ದೇವರಿರಲಿಲ್ಲ.

ಅವರಿಗೆ ಏನು ಪ್ರೀತಿ? ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಹಳೆಯ ಜೊತೆಗಾರರು ಮುತ್ತಿಕೊಂಡು ಕಣ್ಣೀರು ಹಾಕಿದರು, ಇವರು ಮುಖ ತಿರುಗಿಸಿದರು. ಮತ್ತೆ ಕರೆದುಕೊಂಡು ಹೋಗಲಿಲ್ಲ. ಹಳೆಯ ಟಿಕೆಟ್ ಪುಸ್ತಕ ಕೈಗೆ ಕೊಟ್ಟೆ. ಎಡಗೈಯಲ್ಲಿ ಸವರಿ ಕೆಳಗಿಟ್ಟರು. ಕಪ್ಪೆಗಳ ನೆನಪು ನನಗೆ ಬರಲೇ ಇಲ್ಲ. ಬರಬೇಕಿತ್ತು. ಮದುವೆಯಾದ ಹೊಸದರಲ್ಲಿ ಕಪ್ಪೆಗಳ ವಿಷಯಕ್ಕೇ ನಾವು ಜಗಳವಾಡಿದ್ದೆವು.

ಆಗ ಅವರಿಗೆ ದೇವದುರ್ಗದಿಂದ ಗೂಗಲ್‌ಗೆ ವಸ್ತಿ ಬಸ್ಸಿನ ಡ್ಯೂಟಿ. ಸಂಜೆ ಹೋದ ಬಸ್ಸು ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ಮೊದಲ ಬಸ್ಸಾಗಿ ಬರುವುದು. ಈಗಿನವರ ಮುಂದೆ ಗೂಗಲ್ ಅಂದರೆ ಫೋನು ತೆಗೆಯುತ್ತಾರೆ. ನಮಗೆ ಗೂಗಲ್ ಅಂದರೆ ಕೃಷ್ಣೆಯ ದಂಡೆ, ಅಲ್ಲಮಪ್ರಭುವಿನ ಗುಡಿ, ಮತ್ತು ರಾತ್ರಿ ಮನೆಗೆ ಬಾರದ ಗಂಡ. ಮರುದಿನ ಬಂದರೆ ನನ್ನ ವಿಷಯ ಕೇಳುವುದು ಬಿಟ್ಟು ಕಪ್ಪೆಗಳ ವಿಷಯ. ಬಸ್ಸಿನ ಸೀಟಿನಲ್ಲಿ ಮಲಗಿದರೆ ನದಿಯ ಕಡೆಯಿಂದ ಅವುಗಳ ಗದ್ದಲಕ್ಕೆ ನಿದ್ದೆ ಇಲ್ಲವಂತೆ. ನಿದ್ದೆ ಬಾರದ ಮನುಷ್ಯ ಏನು ಮಾಡುತ್ತಾನೆ? ಇವರು ಕಪ್ಪೆಗಳನ್ನು ಪ್ರಯಾಣಿಕರ ಹಾಗೆ ವಿಂಗಡಿಸಿದರು. ವರ್ಷವಿಡೀ ನೀರಿನಲ್ಲಿ ತೇಲುತ್ತಾ ಕಿರ್ ಕಿರ್ ಅನ್ನುವ ಸಣ್ಣವು "ಪಾಸಿನವು." ದಿನಾ ಇರುತ್ತವೆ, ಅವುಗಳಿಂದ ಗದ್ದಲವೇ ಹೊರತು ಆದಾಯವಿಲ್ಲ. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದ ಹಾಗೆ ಕೂಗುವ, ಹೆಬ್ಬೆರಳಿನ ತುದಿಯಷ್ಟೇ ಇರುವವು "ಹಾಫ್ ಟಿಕೆಟ್." ಮೊದಲ ದೊಡ್ಡ ಮಳೆಗೆ ಮಾತ್ರ ನೆಲದೊಳಗಿಂದ ಎದ್ದು ಬಂದು, ಮೈಯೆಲ್ಲಾ ಹಳದಿ ಮಾಡಿಕೊಂಡು, ಎಮ್ಮೆಯ ಹಾಗೆ ಗುಂಯ್ಗುಡುವ ದೊಡ್ಡವು "ಜಾತ್ರಿ ಸ್ಪೆಷಲ್."

"ಹೆಂಡ್ತಿ ಧ್ವನಿ ಗುರ್ತಿಲ್ಲ, ಕಪ್ಪಿ ಧ್ವನಿ ಗುರ್ತದ," ಎಂದು ನಾನು ಸಿಡುಕಿದ್ದೆ.

"ನಿಂದೂ ಗುರ್ತದ ಬಿಡ. ನೀ ಜಾತ್ರಿ ಸ್ಪೆಷಲ್," ಎಂದಿದ್ದರು.

ಎಂಟು ದಿನ ಮಾತು ಬಿಟ್ಟಿದ್ದೆ. ಅವರು ಮಾತಾಡಬಲ್ಲವರಾಗಿದ್ದ ಕಾಲದಲ್ಲಿ ನಾನಾಗಿಯೇ ಮಾತು ಬಿಟ್ಟ ದಿನಗಳ ಲೆಕ್ಕ ಈಗ ಹೊಟ್ಟೆ ಉರಿಸುತ್ತದೆ.

ನಮ್ಮ ಮನೆ ಇರುವುದು ಮಾನ್ವಿಯ ಅಂಚಿನಲ್ಲಿ. ಮನೆಯಿಂದ ಸ್ವಲ್ಪ ದೂರಕ್ಕೆ ಒಂದು ವಿತರಣಾ ಕಾಲುವೆ. ಅದರ ಏರಿಯಿಂದ ಎಷ್ಟೋ ವರ್ಷಗಳಿಂದ ನೀರು ಸೋರಿ ಸೋರಿ ಕೆಳಗಿನ ಜಾಗ ಜವಳಾಗಿತ್ತು. ಕಾಲುವೆ ಸೀಮೆಯವರಿಗೆ ಜವಳು ಅಂದರೆ ಬೈಗುಳದ ಹಾಗೆ. ನೀರು ಕುಡಿದು ಕುಡಿದು ಹೊಟ್ಟೆಯುಬ್ಬಿ, ಮೇಲೆ ಬಿಳಿ ಉಪ್ಪು ಕಾರಿ, ಬೆಳೆ ಬಾರದೆ ಸತ್ತ ಭೂಮಿ ಅದು. ಜೊಂಡು ಬೆಳೆದಿತ್ತು, ಮೊಣಕಾಲುದ್ದ ನೀರು ನಿಂತಿತ್ತು. ಎಮ್ಮೆಗಳು ಬಿಟ್ಟರೆ ಅಲ್ಲಿಗೆ ಹೋಗುವವರಿಲ್ಲ. ನಡೆದಾಡಿಸಿ ಎಂದು ಡಾಕ್ಟರು ಹೇಳಿದ್ದರಿಂದ ದಿನಾ ಸಂಜೆ ಅವರ ಎಡಗೈಗೆ ಕೋಲು ಕೊಟ್ಟು, ಬಲತೋಳನ್ನು ನಾನು ಹಿಡಿದು, ಕಾಲುವೆಯ ದಾರಿಯಲ್ಲಿ ಕರೆದೊಯ್ಯುತ್ತಿದ್ದೆ. ಒಂದು ದಿನ ಹೊರಡುವುದು ತಡವಾಗಿ, ಹಿಂತಿರುಗುವಾಗ ಜವಳಿನ ಪಕ್ಕ ಕತ್ತಲಾಯಿತು.

ಅವರು ನಿಂತುಬಿಟ್ಟರು. ಎಳೆದೆ, ಬರಲಿಲ್ಲ. "ಏನ್ರೀ, ಹಾವು ಹುಳ ಇರ್ತಾವ, ನಡೀರಿ," ಎಂದೆ. ಅವರು ಜೊಂಡಿನ ಕಡೆ ಕಿವಿ ಕೊಟ್ಟಿದ್ದರು. ನೀರೆಲ್ಲಾ ಕಿರ್ ಕಿರ್ ಅನ್ನುತ್ತಿತ್ತು. ಆ ಗದ್ದಲ ಏಕಾಏಕಿ ನಿಂತಿತು. ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಗ ಅವರು ಗಂಟಲೆತ್ತಿ, ಬಸ್ಸಿನ ಹಿಂಬಾಗಿಲಲ್ಲಿ ನಿಂತವರ ಹಾಗೆ, "ರೈಟ್!" ಎಂದರು.

ಎಲ್ಲೋ ಒಂದು ಕಪ್ಪೆ ಕಿರ್ ಅಂದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಡೀ ಜವಳೇ ಹೊರಟಿತು.

ನಾನು ಅವರ ಮುಖಕ್ಕೆ ಟಾರ್ಚು ಹಿಡಿದೆ. ನಗುತ್ತಿದ್ದರು. ಸೊಟ್ಟ ನಗೆ, ಎಡಗಡೆಯದ್ದು ಮಾತ್ರ. ಆದರೂ ಎಂಟು ತಿಂಗಳಲ್ಲಿ ಮೊದಲನೆಯದು. ಅಷ್ಟು ದಿನ ಅವರ ಬಾಯಿಂದ ಬಿದ್ದ ಸಾವಿರ ರೈಟ್‌ಗಳಲ್ಲಿ ಸರಿಯಾದ ಜಾಗದಲ್ಲಿ ಬಿದ್ದದ್ದು ಅದೊಂದೇ. ನಾನು ಅಲ್ಲೇ ಏರಿಯ ಕಲ್ಲಿನ ಮೇಲೆ ಕೂತು ಅತ್ತೆ.

ಆಮೇಲೆ ದಿನಾ ಹೋದೆವು. ಕತ್ತಲಾಗುವ ಹೊತ್ತಿಗೆ ಅಲ್ಲಿರುವುದು, ಒಂದು ತಾಸು ಕೂರುವುದು, ಬರುವುದು. ನನಗೆ ಕಪ್ಪೆ ಅಂದರೆ ಅಸಹ್ಯವಿತ್ತು. ಆದರೆ ದಿನಾ ನೋಡಿದರೆ ಯಾವುದರ ಮೇಲೂ ಸಲಿಗೆ ಬರುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ನೀರಿನ ತುಂಬ ಜೋಡಿ ಜೋಡಿ ಕಿಡಿ ಕಾಣುತ್ತಿದ್ದವು. ಕೈಕಾಲು ಚೆಲ್ಲಿ ತೇಲುವ ಪಾಸಿನವು, ಕೆಲಸವಿಲ್ಲದ ಗುಮಾಸ್ತರ ಹಾಗೆ. ಕೂಗುವ ಗಂಡಿನ ಗಂಟಲಿನ ಎರಡೂ ಪಕ್ಕ ಬಟಾಣಿ ಕಾಳಿನಷ್ಟು ಗುಳ್ಳೆ ಉಬ್ಬಿ ಇಳಿಯುತ್ತಿತ್ತು. ಒಂದು ಕೂಗಿದ ಜಾಗಕ್ಕೆ ಇನ್ನೊಂದು ಬಂದರೆ ಗುದ್ದಾಟ. "ಸೀಟಿಗೆ ಜಗಳ ಹತ್ಯಾವ ನೋಡ್ರಿ," ಎಂದರೆ ಇವರು ಮೂಗಿನಲ್ಲಿ ನಗುವರು. ಹಾಫ್ ಟಿಕೆಟ್‌ಗಳನ್ನು ಕಣ್ಣಾರೆ ನೋಡಲು ನನಗೆ ಒಂದು ತಿಂಗಳೇ ಬೇಕಾಯಿತು. ಅಷ್ಟು ದೊಡ್ಡ ಬಾಯಿ, ಅಷ್ಟು ಸಣ್ಣ ಮೈ. ನಾನು ಕೆಲಸ ಮಾಡಿದ ಕಚೇರಿಯಲ್ಲೂ ಅಂಥವರಿದ್ದರು.

ಗದ್ದಲ ನಿಂತಾಗಲೆಲ್ಲಾ ಅವರು ರೈಟ್ ಅನ್ನುವುದು, ಕಪ್ಪೆಗಳು ಹೊರಡುವುದು. ಅವುಗಳ ಪಾಡಿಗೆ ಅವು ನಿಲ್ಲುತ್ತವೆ, ಮತ್ತೆ ಕೂಗುತ್ತವೆ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ನಂಬಿದೆ. ನಂಬುವುದಕ್ಕೆ ನನ್ನ ಹತ್ತಿರ ಬೇರೇನಿತ್ತು?

ಹೀಗೇ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನೀರುಹಾವೊಂದು ತಲೆಯೆತ್ತಿಕೊಂಡು ಜೊಂಡಿನ ನಡುವೆ ಹರಿದು ಹೋಯಿತು. ಕೂಗು ಕತ್ತರಿಸಿದ ಹಾಗೆ ನಿಂತಿತು. ಈ ಸಲ ಅವರು ರೈಟ್ ಅನ್ನಲಿಲ್ಲ. ತುಟಿ ಗುಂಡಗೆ ಮಾಡಿ, ಕುತ್ತಿಗೆಯ ನರ ಉಬ್ಬಿಸಿ, "ಹೋ..." ಎಂದರು. ಅಷ್ಟೇ. ಮುಂದಿನದು ಬರಲಿಲ್ಲ.

ನಾನು ರಾತ್ರಿ ನಿದ್ದೆ ಮಾಡಲಿಲ್ಲ. "ಹೋ" ಅಂದರೆ ಏನು? ಹೋಗೋಣ? ಹೋಯಿತು? ಹೋಳಿಗೆ? ಅವರಿಗೆ ಹೋಳಿಗೆ ಇಷ್ಟ. ಮರುದಿನ ಹೋಳಿಗೆ ಮಾಡಿದೆ. ತಿಂದು ರೈಟ್ ಎಂದರು. ರಾಯಚೂರಿಗೆ ಹೋದಾಗ ಡಾಕ್ಟರಮ್ಮನಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ನಿಂತರು. "ಬರಾಕತ್ತದ ನೋಡ್ರಿ ಆಂಟಿ! ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಅದನ್ನ ಬಿಡಬ್ಯಾಡ್ರಿ, ಒಂದು ದಿನಾನೂ ತಪ್ಪಿಸಬ್ಯಾಡ್ರಿ," ಎಂದರು. ಆಮೇಲೆ ವಾರಕ್ಕೆ ಒಂದೋ ಎರಡೋ ಸಲ, ಕೂಗು ಹಾಗೆ ಹೆದರಿ ನಿಂತಾಗ, ಆ "ಹೋ" ಬರುತ್ತಿತ್ತು. ನಾನು ಅವರ ಬಾಯನ್ನೇ ನೋಡುತ್ತಾ ಕೂರುತ್ತಿದ್ದೆ.

ದಸರೆ ಮುಗಿದ ಮೇಲೆ ಟ್ರ್ಯಾಕ್ಟರುಗಳು ಬಂದವು. ಊರಿನಲ್ಲಿ ಹಳೆಯ ಮನೆ ಒಡೆದವರೆಲ್ಲಾ ಗೋಡೆಯ ಮಣ್ಣು, ಒಡೆದ ಟೈಲ್ಸು, ಕಮೋಡಿನ ಚೂರು ತಂದು ಜವಳಿನ ಒಂದು ಮೂಲೆಗೆ ಸುರಿಯತೊಡಗಿದರು. ವಾರಕ್ಕೆ ಇಷ್ಟಿಷ್ಟೇ ನೀರು ಹಿಂದೆ ಸರಿಯಿತು. ನಾನು ಒಬ್ಬ ಡ್ರೈವರನಿಗೆ ಅಡ್ಡ ನಿಂತೆ. "ಇದು ಯಾರ್ದೂ ಅಲ್ಲ ಬಿಡ್ರಿ ಯವ್ವಾ, ಜವಳು," ಎಂದು ಹಾರ್ನ್ ಹೊಡೆದ. ಕಾಲುವೆಯ ಏರಿ ಮತ್ತು ಅದರ ಬುಡದ ಜಾಗ ಕಾಲುವೆ ಇಲಾಖೆಯದು ಎಂಬುದು ನನಗೆ ಗೊತ್ತಿತ್ತು. ಅರ್ಜಿ ಹಾಕಬೇಕು ಎಂದುಕೊಂಡೆ.

ಇಲ್ಲಿ ನನ್ನ ಬಗ್ಗೆ ಹೇಳಬೇಕು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದವಳು. ಬಂದ ಅರ್ಜಿಗೆ ಸೀಲು ಹೊಡೆದು, ಆವಕ ಪುಸ್ತಕದಲ್ಲಿ ನಂಬರು ಹಾಕಿ, ಸಂಬಂಧಪಟ್ಟ ಟೇಬಲ್ಲಿಗೆ ಕಳಿಸುವ ಕೆಲಸ. ಅರ್ಜಿಯನ್ನು ಕೊನೆಯವರೆಗೆ ಯಾರೂ ಓದುವುದಿಲ್ಲ. ನಾನೂ ಓದಿದವಳಲ್ಲ. "ಮಾನ್ಯರೇ" ಎಂಬುದರ ಕೆಳಗೆ "ವಿಷಯ" ಎಂದು ಒಂದು ಸಾಲು ಇರುತ್ತದಲ್ಲ, ಅದನ್ನು ಓದುತ್ತಿದ್ದೆ. ಸಾಲು ಉದ್ದವಾಗಿದ್ದರೆ ಪುಸ್ತಕದ ಕಾಲಮ್ಮಿನಲ್ಲಿ ಹಿಡಿಸುವಷ್ಟು ಕತ್ತರಿಸಿ ಬರೆಯುತ್ತಿದ್ದೆ. ಆಮೇಲೆ ಆ ಅರ್ಜಿ ಎಲ್ಲಿಗೆ ಹೋದರೂ ನಾನು ಕತ್ತರಿಸಿ ಬರೆದದ್ದೇ ಅದರ ಹಣೆಬರಹ. ವಿಷಯ ನಮ್ಮ ಕಚೇರಿಯದಲ್ಲದಿದ್ದರೆ "ಈ ಕಚೇರಿಗೆ ಸಂಬಂಧಿಸಿರುವುದಿಲ್ಲ" ಎಂದು ಬರೆದು ವಾಪಸ್ಸು. ಒಂದು ಸಲ ದೇವದುರ್ಗದ ಕಡೆಯ ಮುದುಕನೊಬ್ಬ ಕೊಟ್ಟ ಅರ್ಜಿಯಲ್ಲಿ "ವಿಷಯ: ನನ್ನ ಕಷ್ಟದ ಬಗ್ಗೆ" ಎಂದಿತ್ತು. ಇಡೀ ಕಚೇರಿ ನಕ್ಕಿತು. ನಾನೂ ನಕ್ಕು, ಸಂಬಂಧಿಸಿರುವುದಿಲ್ಲ ಎಂದು ಬರೆದು ಕೈಗೆ ಕೊಟ್ಟೆ. ಅವನು ಮಡಚಿ ಕಿಸೆಯಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ ಹೋದ. ಒಳಗೆ ಏನು ಕಷ್ಟ ಬರೆದಿದ್ದನೋ, ನಾನು ಓದಲಿಲ್ಲ.

ಆದ್ದರಿಂದ ನನಗೆ ಗೊತ್ತಿತ್ತು: ಕಪ್ಪೆಗಳು ಯಾವ ಕಚೇರಿಗೂ ಸಂಬಂಧಿಸಿರುವುದಿಲ್ಲ. ವಿಷಯದಲ್ಲಿ ಕಪ್ಪೆ ಎಂದು ಬರೆದರೆ ನಕ್ಕು ವಾಪಸ್ಸು ಮಾಡುತ್ತಾರೆ. ಕಾಲುವೆ ಕಚೇರಿಗೆ ಅರ್ಜಿ ಹೋಗಬೇಕಾದರೆ ವಿಷಯದಲ್ಲಿ ಕಾಲುವೆ ಇರಬೇಕು, ಅದೂ ಮೊದಲಿಗೇ ಇರಬೇಕು. ಮೂರು ರಾತ್ರಿ ಕೂತು ಬರೆದೆ. "ವಿಷಯ: ವಿತರಣಾ ಕಾಲುವೆಯ ನೀರು ಸೋರಿ ಜವಳಾಗಿರುವ ಜಾಗದಲ್ಲಿ ಕಲ್ಲುಮಣ್ಣು ಸುರಿಯುತ್ತಿರುವ ಬಗ್ಗೆ." ಇದಕ್ಕೆ ಯಾವ ಗುಮಾಸ್ತನೂ ಸಂಬಂಧಿಸಿರುವುದಿಲ್ಲ ಅನ್ನಲಾರ ಎಂದು ಹೆಮ್ಮೆಪಟ್ಟೆ. ಕೆಳಗೆ ಮೂರು ಹಾಳೆ. ಅಲ್ಲಿನ ಕಪ್ಪೆಗಳು, ಅವು ಕೂಗುವ ರೀತಿ, ನನ್ನ ಗಂಡನ ಕಾಯಿಲೆ, ಎರಡನೇ ಶಬ್ದ. ಎಲ್ಲವನ್ನೂ ಬರೆದೆ. ಜೀವನದಲ್ಲಿ ಯಾರ ಮುಂದೂ ಹೇಳದ್ದನ್ನು ಆ ಹಾಳೆಗಳಿಗೆ ಹೇಳಿದೆ. ನೀರನ್ನು ಹಾಗೆಯೇ ಇರಗೊಡಬೇಕು, ಮಣ್ಣು ಸುರಿಯುವುದನ್ನು ನಿಲ್ಲಿಸಬೇಕು ಎಂದು ಕೊನೆಯಲ್ಲಿ ಕೈಮುಗಿದೆ. ನಾನೇ ಹೋಗಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಟಪಾಲಿನ ಹುಡುಗಿ ವಿಷಯ ಓದಿದಳು, ಪುಸ್ತಕದಲ್ಲಿ ಏನೋ ಬರೆದಳು, ಟ್ರೇಗೆ ಹಾಕಿದಳು. ಕೈ ಚುರುಕಿತ್ತು. ಒಳ್ಳೆಯ ಕೆಲಸಗಾರ್ತಿ ಎಂದುಕೊಂಡೆ.

ಬೇಸಿಗೆಯಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟಕ್ಕೆ ಪೆಟ್ಟು. ರಾಯಚೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆವು. ಅಲ್ಲಿ ಸಂಜೆ ಅಂದರೆ ಬಿಸಿಗಾಳಿ, ಲಾರಿಗಳು, ಟಿವಿ. ರೈಟ್ ಕೂಡ ಕಡಿಮೆಯಾಯಿತು. ಊರಿಗೆ ಹೋದರೆ ಸರಿಯಾಗುತ್ತಾರೆ, ಜವಳಿಗೆ ಹೋದರೆ ಸರಿಯಾಗುತ್ತಾರೆ ಎಂದು ತಂಗಿಗೆ ದಿನಾ ಹೇಳುತ್ತಿದ್ದೆ. ಅವಳು ನನ್ನನ್ನು ಹುಚ್ಚಿಯ ಹಾಗೆ ನೋಡುತ್ತಿದ್ದಳು.

ಮಾನ್ವಿಗೆ ಬಂದ ದಿನ ಬಾಗಿಲ ಸಂದಿಯಲ್ಲಿ ಒಂದು ಕಾಗದ ಬಿದ್ದಿತ್ತು. ನಾನು ಸರ್ವೀಸಿನಲ್ಲಿದ್ದಾಗ ನೂರಾರು ಸಲ ಕಳಿಸಿದಂಥದ್ದೇ. "ತಮ್ಮ ಅರ್ಜಿಯಲ್ಲಿ ಕೋರಿರುವಂತೆ ಸದರಿ ಕಾಲುವೆಯ ಸೋರಿಕೆಯನ್ನು ದುರಸ್ತಿಪಡಿಸಲಾಗಿದ್ದು, ಅರ್ಜಿಯನ್ನು ವಿಲೇಗೊಳಿಸಲಾಗಿದೆ."

ಎರಡು ಸಲ ಓದಿದೆ. ಅವರನ್ನು ಮಂಚದ ಮೇಲೆ ಕೂರಿಸಿ ಒಬ್ಬಳೇ ಓಡಿದೆ. ಕಾಲುವೆಗೆ ನೀರು ನಿಲ್ಲಿಸಿದ ಸಮಯ ನೋಡಿ ಕೆಲಸ ಮುಗಿಸಿದ್ದರು. ಏರಿಯ ಒಳಮೈಗೆ ನುಣುಪಾದ ಬಿಳಿ ಕಾಂಕ್ರೀಟು. ಕೆಳಗೆ ಜವಳು ಇರಲಿಲ್ಲ. ಜೊಂಡು ಒಣಗಿ ನಿಂತಿತ್ತು. ಕಪ್ಪು ನೆಲ ಅಂಗೈ ಹೋಗುವಷ್ಟು ಬಿರಿದಿತ್ತು, ಮೇಲೆ ಉಪ್ಪಿನ ಬಿಳುಪು.

ಕಾಲುವೆಯ ಗ್ಯಾಂಗ್‌ಮನ್ ಸೈಕಲ್ಲಿನಿಂದ ಇಳಿದು ಬಂದ. ದಿನಾ ನಮ್ಮನ್ನು ಅಲ್ಲಿ ನೋಡುತ್ತಿದ್ದವನು, ಒಳ್ಳೆಯವನು. ಹಲ್ಲು ಕಾಣುವಷ್ಟು ನಗುತ್ತಿದ್ದ.

"ನಿಮ್ಮ ಅರ್ಜಿನೇ ಕೆಲ್ಸ ಮಾಡ್ತು ನೋಡ್ರಿ ಯಕ್ಕಾ! ನಾವು ಎಷ್ಟು ವರ್ಷದಿಂದ ಬಾಯಿ ಬಡ್ಕೊಂಡ್ರೂ ಆಗಿದ್ದಿಲ್ಲ. ಕಾಲುವಿ ಸೋರಿಕಿ ಅಂತ ಅರ್ಜಿ ಬಂದದ, ಸೀಲ್ ಬಿದ್ದದ ಅಂದ ಕೂಡ್ಲೇ ಸಾಹೇಬ್ರು ಮಾಡಿಸಿಬಿಟ್ರು. ಈಗ ಒಂದ್ ಹನಿ ಸೋರಂಗಿಲ್ಲ. ಕೆಳಗಿನ ಹೊಲದವ್ರು ನಿಮ್ಗ ಪುಣ್ಯ ಬರ್ಲಿ ಅನ್ನಾಕತ್ತಾರ."

"ಕಪ್ಪಿ?" ಎಂದೆ.

"ಹಾಂ?"

"ಕಪ್ಪಿ ಎಲ್ಲಿ ಹೋದ್ವು?"

"ಅವು ಎಲ್ಲೋ ಹೋಗಿರ್ತಾವ್ರಿ," ಎಂದ. ನಗು ಕಡಿಮೆಯಾಗಿತ್ತು. "ಯಾಕ್ರಿ ಯಕ್ಕಾ, ಮೈಯಾಗ ಆರಾಮಿಲ್ಲೇನು?"

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಿ ಏನು ಹೇಳುವುದು? ಕಾಲುವೆಯ ಕೆಳಗಿನವರ ಹೊಲಕ್ಕೆ ಇನ್ನು ಪೂರ್ತಿ ನೀರು ಮುಟ್ಟುವುದನ್ನು ತಪ್ಪೆನ್ನಲೇ? ಯಾರಿಗೂ ಬೈಯುವ ಹಾಗಿರಲಿಲ್ಲ. ಸಾಹೇಬರು ಕೆಲಸ ಮಾಡಿದ್ದರು. ಟಪಾಲಿನ ಹುಡುಗಿ ಉದ್ದದ ಸಾಲನ್ನು ಕಾಲಮ್ಮಿಗೆ ಹಿಡಿಸುವಷ್ಟು ಕತ್ತರಿಸಿ ಬರೆದಿರಬೇಕು, "ಕಾಲುವೆ ಸೋರಿಕೆ ಬಗ್ಗೆ." ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ, ಇನ್ನೂ ದುಂಡಗಿನ ಅಕ್ಷರದಲ್ಲಿ. "ವಿಷಯ: ಕಪ್ಪೆಗಳ ಬಗ್ಗೆ" ಎಂದು ಬರೆದಿದ್ದರೆ ನಕ್ಕು ವಾಪಸ್ಸು ಕೊಡುತ್ತಿದ್ದರು, ಜವಳು ಉಳಿಯುತ್ತಿತ್ತು. ಟ್ರ್ಯಾಕ್ಟರುಗಳು ಒಂದು ಮೂಲೆಯನ್ನು ಮಾತ್ರ ತಿನ್ನುತ್ತಿದ್ದವು. ನನ್ನ ಜಾಣತನ ಇಡೀ ಜವಳನ್ನೇ ತಿಂದಿತು.

ಅವರನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಸಂಜೆಯಾದರೆ ಕೋಲು ಹಿಡಿದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. "ಇವತ್ತು ಬ್ಯಾಡ್ರಿ, ನಾಳಿ ಹೋಗೂಣು," ಅನ್ನುತ್ತಿದ್ದೆ. ಮಾತು ಬಾರದವರಿಗೆ ಸುಳ್ಳು ಹೇಳುವುದು ಬಹಳ ಸುಲಭ. ನಾನು ಮಳೆಗೆ ಕಾಯುತ್ತಿದ್ದೆ.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಚರಂಡಿ ತುಂಬಿ ರಸ್ತೆಗೆ ಹರಿಯಿತು. ಸಂಜೆ ನಿಂತ ಮೇಲೆ ಮನೆಯವರೆಗೆ ಆ ಸದ್ದು ಕೇಳಿಸಿತು, ಗುಂಯ್, ಗುಂಯ್. ಜಾತ್ರಿ ಸ್ಪೆಷಲ್! ನಾನು ಅವರಿಗೆ ಚಪ್ಪಲಿ ಸಹ ಸರಿಯಾಗಿ ತೊಡಿಸಲಿಲ್ಲ, ಎಳೆದುಕೊಂಡೇ ಹೋದೆ. ತಗ್ಗಿನಲ್ಲೆಲ್ಲಾ ನೀರು ನಿಂತಿತ್ತು. ಬಿರುಕುಗಳೊಳಗಿಂದ ಎದ್ದು ಬಂದ ದೊಡ್ಡ ಕಪ್ಪೆಗಳು, ಅರಿಶಿನ ಮೆತ್ತಿಕೊಂಡ ಮದುಮಕ್ಕಳ ಹಾಗೆ ಹಳದಿ, ಗಂಟಲ ಪಕ್ಕ ನೀಲಿ ಗುಳ್ಳೆ. ಒಂದರ ಮೇಲೊಂದು ಬಿದ್ದು ಕೂಗಿದವು. ಅವರು ಮೂರು ಸಲ ರೈಟ್ ಅಂದರು. ನನ್ನ ಕೈಯನ್ನು ಅವರಾಗಿಯೇ ಹಿಡಿದರು, ಅರ್ಧ ಸತ್ತ ಬಲಗೈಯಿಂದ. ಆ ಒಂದು ಸಂಜೆ ದೇವರು ನನ್ನನ್ನು ಕ್ಷಮಿಸಿದ್ದಾನೆ ಎಂದುಕೊಂಡೆ.

ಮೂರು ದಿನಕ್ಕೆ ನೀರಿನ ಅಂಚೆಲ್ಲಾ ಎಳ್ಳು ಚೆಲ್ಲಿದ ಹಾಗೆ ಮರಿಗಳು. ಎಂಟು ದಿನ ಮಳೆ ಇಲ್ಲ. ಮೊದಲಾದರೆ ಕಾಲುವೆಯಿಂದ ಸೋರಿ ಜವಳಿನಲ್ಲಿ ನಿಂತ ನೀರು ಅವುಗಳನ್ನು ಕಾಲು ಮೂಡುವವರೆಗೆ ಸಾಕುತ್ತಿತ್ತು. ಈಗ ಅದು ಒಂದು ಹನಿಯೂ ಇಲ್ಲ. ತಗ್ಗಿನ ನೀರು ಮಧ್ಯಕ್ಕೆ ಸರಿಯಿತು. ಆಮೇಲೆ ಎಮ್ಮೆಗಳ ಹೆಜ್ಜೆಗುಳಿಗಳಲ್ಲಿ ಮಾತ್ರ ಉಳಿಯಿತು. ಒಂದೊಂದು ಗುಳಿಯಲ್ಲೂ ಬಾಲ ಬಡಿಯುವ ನೂರಾರು ಮರಿಗಳು, ನೀರಿಗಿಂತ ಅವೇ ಹೆಚ್ಚು. ಒಂದು ಬೋಗುಣಿ ಮನೆಗೆ ತಂದೆ. ನಲ್ಲಿ ನೀರು ಬೆರೆಸಿದೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲಿದವು. ನಲ್ಲಿ ನೀರಿಗೆ ಹಾಕುವ ಬ್ಲೀಚಿಂಗ್ ಪೌಡರು ನನಗೆ ನೆನಪಾಗಲಿಲ್ಲ. ಬುದ್ಧಿವಂತೆ ನಾನು.

ಕಾಲುವೆ ಇನ್ನೂ ಖಾಲಿ ಇತ್ತು. ಒಂದು ಹೊಲದಾಚೆ ಬೋರ್‌ವೆಲ್ ಇತ್ತು. ಕೊಡ ತೆಗೆದುಕೊಂಡು ಹೋದೆ. ಅವರನ್ನು ಏರಿಯ ಕಲ್ಲಿನ ಮೇಲೆ ಕೂರಿಸಿದೆ, ಎಡಗೈಗೆ ಟಾರ್ಚು ಕೊಟ್ಟೆ. ಕತ್ತಲಲ್ಲಿ ನಾನು ಕೊಡ ಹೊತ್ತು ಬರುವುದು, ಅವರು ನನ್ನ ಕಾಲಿನ ಮುಂದೆ ಬೆಳಕು ಹಿಡಿಯುವುದು. ಒಂದು ಗುಳಿಗೆ ಸುರಿದರೆ ಬಿರುಕು ಗಟಗಟ ಕುಡಿದುಬಿಡುತ್ತಿತ್ತು. ಮರಿಗಳು ಒಂದು ಕ್ಷಣ ಎದ್ದು ಈಜಿ, ಮತ್ತೆ ಕೆಸರಿಗೆ ಅಂಟುತ್ತಿದ್ದವು. ಹೀಗೆ ಎರಡು ಸಂಜೆ ಮಾಡಿದೆ. ಮೂರನೇ ಸಂಜೆ ಹೋದಾಗ ಅರ್ಧಕ್ಕರ್ಧ ಗುಳಿಗಳಲ್ಲಿ ಕರಿ ಕೆನೆಯ ಹಾಗೆ ಒಣಗಿದ್ದವು. ಒಂದು ಪಾಸಿನದೂ ಇಲ್ಲ, ಹಾಫ್ ಟಿಕೆಟ್ ಇಲ್ಲ, ಏನೂ ಇಲ್ಲ. ಅಷ್ಟು ಮೌನವನ್ನು ನಾನು ಅಲ್ಲಿ ಕೇಳಿಯೇ ಇರಲಿಲ್ಲ. ಆದರೂ ಸುರಿದೆ. ಸೀರೆ ಮೊಣಕಾಲವರೆಗೆ ಕೆಸರು, ಸೊಂಟ ಕಿತ್ತು ಬರುತ್ತಿತ್ತು, ಸುರಿಯುತ್ತಲೇ ಇದ್ದೆ. ನಾಲ್ಕನೆಯದೋ ಐದನೆಯದೋ ಕೊಡ ಎತ್ತಿ ಬಗ್ಗಿಸುವಾಗ ಟಾರ್ಚಿನ ಬೆಳಕು ನನ್ನ ಕಾಲಿನಿಂದ ಮುಖಕ್ಕೆ ಬಂತು.

"ಹೋ..." ಎಂದರು ಅವರು.

ನಾನು ಹಾಗೇ ನಿಂತೆ.

"ಹೋಲ್ಡಾನ್."

ಪೂರ್ತಿ ಮಾತು. ಒಂದು ಅಕ್ಷರವೂ ಮುರಿದಿರಲಿಲ್ಲ. ಯಾರಾದರೂ ಇಳಿಯಬೇಕಾದಾಗ, ಯಾರಾದರೂ ಬಾಗಿಲಲ್ಲಿ ಜಾರಿದಾಗ, ಬಸ್ಸು ನಿಲ್ಲಿಸಲು ಕೂಗುತ್ತಿದ್ದ ಅದೇ ಗಟ್ಟಿ ಧ್ವನಿ. ವರ್ಷಕ್ಕೂ ಮೀರಿ ಯಾವುದಕ್ಕಾಗಿ ನಾನು ಅವರ ಬಾಯಿ ನೋಡುತ್ತಾ ಕೂತಿದ್ದೆನೋ ಅದು ಬಂದಿತ್ತು. ಹೋಳಿಗೆಯಲ್ಲ, ಹೋಗೋಣವಲ್ಲ. ನಿಲ್ಲಿಸು, ಸಾಕು.

ನಾನು ಕೊಡ ಕೆಳಗಿಟ್ಟೆ. ಅವರ ಪಕ್ಕ ಕಲ್ಲಿನ ಮೇಲೆ ಕೂತೆ. ಅವರು ಟಾರ್ಚು ಆರಿಸಿದರು.

ಮುಂದಿನ ವಾರ ರಾಯಚೂರಿಗೆ ಹೋದೆವು. ಡಾಕ್ಟರಮ್ಮ ಮಾವಿನಹಣ್ಣಿನ ಚಿತ್ರ ಹಿಡಿದರು. "ಹೋಲ್ಡಾನ್," ಎಂದರು ಇವರು. ಬೆಕ್ಕಿಗೂ ಹೋಲ್ಡಾನ್, ಕುರ್ಚಿಗೂ ಹೋಲ್ಡಾನ್. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು, ಕಣ್ಣಲ್ಲಿ ನೀರು ತಂದುಕೊಂಡರು. "ನೋಡ್ರಿ ಆಂಟಿ, ಎರಡನೇ ಶಬ್ದ! ನೀವು ದಿನಾ ಕರ್ಕೊಂಡು ಹೋಗಿದ್ದಕ್ಕ ಫಲ ಸಿಕ್ತು. ಬಿಡಬ್ಯಾಡ್ರಿ, ಹಂಗೇ ಮುಂದುವರ್ಸ್ರಿ," ಎಂದರು. ಚೀಟಿಯಲ್ಲಿ ಸುಧಾರಣೆ ಇದೆ ಎಂದು ಬರೆದರು. ನಾನು ಆಯಿತೆಂದು ತಲೆಯಾಡಿಸಿದೆ. ಆ ಹುಡುಗಿಗೆ ಏನು ಹೇಳಲಿ? ಅದೂ ಒಂದು ಅರ್ಜಿಯಂತೆ ಉದ್ದವಾಗುತ್ತಿತ್ತು.

ಮಾನ್ವಿ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಜನ ತುಂಬಿದ ಮೇಲೆ ಕಂಡಕ್ಟರ್ ಬಾಗಿಲು ಎಳೆದು "ರೈಟ್!" ಎಂದ. ನಾನು ಅವರ ಕಡೆ ತಿರುಗಿದೆ. ಅವರು ಹೊರಗೆ ನೋಡುತ್ತಿದ್ದರು. ತುಟಿ ಅಲುಗಲಿಲ್ಲ.

ಒಮ್ಮೆ ಹೋಲ್ಡಾನ್ ಅಂದ ಮೇಲೆ ಕಂಡಕ್ಟರ್ ಮತ್ತೆ ರೈಟ್ ಅನ್ನುವವರೆಗೆ ಬಸ್ಸು ಕದಲುವ ಹಾಗಿಲ್ಲ. ಅವರೇ ನನಗೆ ಹೇಳಿಕೊಟ್ಟ ನಿಯಮ ಅದು. ನಮ್ಮವರು ಇನ್ನೂ ಅಂದಿಲ್ಲ.